‘ಮಗು ದೊಡ್ಡದಿದೆ’ ಎಂದರೆ, ಸಹಿಗೆ ಮುನ್ನ

ತುಂಬು ತಿಂಗಳಲ್ಲಿ ಸುರತ್ಕಲ್ಲಿಗೋ ಮಂಗಳೂರಿಗೋ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಕಾಟಿಪಳ್ಳಕ್ಕೆ ಮರಳುವ ಬಸುರಿಯ ವರದಿಯಲ್ಲಿ ‘ಇಎಫ್‌ಡಬ್ಲ್ಯು’ (ಮಗುವಿನ ಅಂದಾಜು ತೂಕ) ಎಂಬುದರ ಎದುರು ಒಂದು ಅಂಕಿ ಇರುತ್ತದೆ. ಅದು 4 ಕೆ.ಜಿ. ಎಂದಿದ್ದರೆ ಮುಗಿಯಿತು, ಸಿಜೇರಿಯನ್ನೇ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಆದರೆ ಯಂತ್ರ ಮಗುವನ್ನು ತೂಗಿಲ್ಲ. ತಲೆ, ಹೊಟ್ಟೆ, ತೊಡೆಮೂಳೆಯ ಅಳತೆ ಹಿಡಿದು ಸೂತ್ರದ ಮೇಲೆ ಲೆಕ್ಕ ಹಾಕಿದೆ. ಈ ಲೆಕ್ಕ ಶೇ 10–15ರಷ್ಟು ಆಚೀಚೆ ಆಗುವುದು ಮಾಮೂಲು. ನಾಲ್ಕು ಎಂದ ಮಗು ಮೂರೂವರೆಯೂ ಇದ್ದೀತು, ನಾಲ್ಕೂವರೆಯೂ ಇದ್ದೀತು. ತೂಕವೊಂದನ್ನೇ ನೋಡಿ ಯೋಜಿತ ಸಿಜೇರಿಯನ್ ಯೋಚಿಸಲು ಅಮೆರಿಕದ ಪ್ರಸೂತಿ ತಜ್ಞರ ಸಂಘ ಇಟ್ಟಿರುವ ಗಡಿ 5 ಕೆ.ಜಿ.; ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ 4.5 ಕೆ.ಜಿ. ನಮ್ಮ ಹೆಂಗಸರ ಮೈಕಟ್ಟು ನೋಡಿ ಇಲ್ಲಿನ ವೈದ್ಯರು ಅದಕ್ಕೂ ಮೊದಲೇ ಸಲಹೆ ಕೊಡಬಹುದು. ಕೊಡಲಿ, ಕಾರಣವನ್ನೂ ಹೇಳಲಿ.

ಹಾಗೆಂದು ವರದಿಯನ್ನು ಮಡಚಿಟ್ಟು ಕೂರುವಂತಿಲ್ಲ. ಸ್ಕಾಟ್ಲೆಂಡಿನ ನಡೀನ್ ಮಾಂಟ್ಗೊಮರಿ ಮಧುಮೇಹಿ, ಗಿಡ್ಡ ಮೈಕಟ್ಟಿನವರು. ಮಗು ದೊಡ್ಡದಲ್ಲವೇ, ಹೆರಿಗೆ ಆದೀತೇ ಎಂದು ಅವರು ಕೇಳಿಕೊಂಡಿದ್ದರೂ, ಭುಜ ಸಿಕ್ಕಿಕೊಳ್ಳುವ ಶೇ 9–10ರ ಅಪಾಯವನ್ನು ವೈದ್ಯರು ತಿಳಿಸಲಿಲ್ಲ. 1999ರಲ್ಲಿ ಹೆರಿಗೆಯಾಗುವಾಗ ಆದದ್ದೂ ಅದೇ. ಮಗುವಿನ ಮಿದುಳಿಗೆ ಪೆಟ್ಟು ಬಿತ್ತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತಾಯಿಯ ಪರ ತೀರ್ಪಿತ್ತಿತು. ಅಪಾಯವನ್ನು ಮುಚ್ಚಿಡುವುದೂ ತಪ್ಪೇ.

ನಮ್ಮಲ್ಲಿ ಈ ಮಾತಿಗೆ ಆಧಾರ, ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ತಪಾಸಣೆಗೆಂದು ಅರಿವಳಿಕೆ ಕೊಡಿಸಿಕೊಂಡು ಮಲಗಿದ್ದಾಕೆಯ ಗರ್ಭಕೋಶವನ್ನೇ ತೆಗೆದಿದ್ದರು. ಒಪ್ಪಿಗೆ ಕೊಟ್ಟದ್ದು ಹೊರಗೆ ಕುಳಿತಿದ್ದ ತಾಯಿ. ಪ್ರಾಣಾಪಾಯವಿಲ್ಲದಿದ್ದಾಗ ವಯಸ್ಕ ಮಹಿಳೆಯ ಬದಲು ಬೇರೆಯವರ ಒಪ್ಪಿಗೆ ನಡೆಯದು ಎಂದ ಕೋರ್ಟ್, ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಮುಖ್ಯ ಅಪಾಯ, ಬೇರೆ ದಾರಿ, ಬೇಡವೆಂದರೆ ಆಗುವುದೇನು ಎಂಬುದನ್ನೆಲ್ಲ ವೈದ್ಯರು ತಿಳಿಸಬೇಕು ಎಂದಿತು. ಗಂಡನೋ ಅತ್ತೆಯೋ ಸಹಿ ಹಾಕಿದರೆ ಸಾಕು ಎನ್ನುವ ರೂಢಿಗೆ ಕಾನೂನಿನ ಬಲವಿಲ್ಲ. ಇಂಗ್ಲಿಷ್ ಫಾರಂ ಅರ್ಥವಾಗದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಬಿಡಿಸಿ ಹೇಳಿ ಎನ್ನಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಯಾರಿಗೂ ಮಾಡಿದ ಅವಮಾನವಲ್ಲ.

ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನೀತಿ ನಿಯಮಾವಳಿ ಹೇಳುತ್ತದೆ. ಅರ್ಜಿಯನ್ನು ಬರೆದೇ ಕೊಟ್ಟು, ಸ್ವೀಕೃತಿ ಪಡೆಯಿರಿ. ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಜೇರಿಯನ್ ಕೂಡ ಉಚಿತ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು; ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100.