ಊರಿನ ಪ್ರಶ್ನೆಗೆ ಪದವಿಯ ಉತ್ತರ: ಪ್ರಾಯೋಗಿಕ ಪ್ರಬಂಧಕ್ಕೆ ಒಂಬತ್ತು ಸೂತ್ರಗಳು

ಪದವಿಯ ಕೊನೆಯ ವರ್ಷ ವಿದ್ಯಾರ್ಥಿ ಒಪ್ಪಿಸುವ ಪ್ರಾಜೆಕ್ಟ್ ವರದಿಗೆ ಎಷ್ಟು ಆಯಸ್ಸು? ಹೆಚ್ಚಿನ ಕಡೆ ವೈವಾ ಮುಗಿಯುವವರೆಗೆ. ಆಮೇಲೆ ಅದು ವಿಭಾಗದ ಬೀರು ಸೇರುತ್ತದೆ. ಅದೇ ಹೊತ್ತಿಗೆ ಕಾಲೇಜಿನ ಗೇಟಿನಾಚೆ ಅಡಿಕೆ ಬೆಳೆಗಾರರು, ಪಿಡಿಒ, ಅಂಗನವಾಡಿ ಕಾರ್ಯಕರ್ತೆ, ಹಾಲಿನ ಡೇರಿಯ ಕಾರ್ಯದರ್ಶಿ ಇವರೆಲ್ಲರ ಬಳಿ ಯಾರೂ ಕೂತು ಲೆಕ್ಕ ಹಾಕಿರದ ಪ್ರಶ್ನೆಗಳಿರುತ್ತವೆ. ಊರಿಗೆ ಬೇಕಾದ ಒಂದು ಉತ್ತರವನ್ನು ಶಿಸ್ತಿನಿಂದ ಹುಡುಕಿ, ಅದಕ್ಕೇ ಪದವಿಯ ಅಂಕವನ್ನೂ ಪಡೆಯುವುದು ಪ್ರಾಯೋಗಿಕ ಪ್ರಬಂಧದ ಗುರಿ.

2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಾಲೇಜುಗಳಿಗೆ ಇದು ಹೇಳಿ ಮಾಡಿಸಿದ ದಾರಿ. ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2024ರಲ್ಲಿ ಮೂರು ವರ್ಷದ ಪದವಿ ಮರಳಿತು. ಪಠ್ಯಕ್ರಮ ಹೇಗೇ ಬದಲಾಗಲಿ, ಮುಂದಿನ ಒಂಬತ್ತು ಸೂತ್ರಗಳನ್ನು ಯಾವ ವಿಭಾಗವಾದರೂ ಪಾಲಿಸಬಹುದು.

1. ಉತ್ತರ ಯಾರಿಗೆ ಬೇಕು ಎಂಬುದನ್ನು ಮೊದಲು ಗೊತ್ತುಮಾಡಿ

ವಿಷಯ ಆರಿಸುವ ಮುನ್ನ ಅದರ ವಾರಸುದಾರರನ್ನು ಹುಡುಕಿ. ಗ್ರಾಮ ಪಂಚಾಯಿತಿಯೋ ಸಹಕಾರ ಸಂಘವೋ ಶಾಲೆಯೋ ಸ್ತ್ರೀಶಕ್ತಿ ಗುಂಪೋ, ಯಾರಾದರೂ ಒಬ್ಬರು 'ಇದು ತಿಳಿದರೆ ನಮಗೆ ಉಪಯೋಗ' ಎನ್ನಬೇಕು. ಫಿನ್ಲೆಂಡ್‌ನ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳಲ್ಲಿ ಪದವಿ ಪ್ರಬಂಧವನ್ನು ಸಾಮಾನ್ಯವಾಗಿ ಒಂದು ಸಂಸ್ಥೆ ಅಥವಾ ಕಂಪನಿಯೇ ವಹಿಸಿಕೊಡುತ್ತದೆ. ಡೆನ್ಮಾರ್ಕ್‌ನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಆರಂಭವಾದಾಗಿನಿಂದ ನಿಜ ಸಮಸ್ಯೆಗಳ ಪ್ರಾಜೆಕ್ಟ್‌ಗಳ ಮೂಲಕವೇ ಕಲಿಸುತ್ತಿದೆ. ನಮ್ಮಲ್ಲಿ ದೊಡ್ಡ ಕಂಪನಿಗಳಿಲ್ಲ ಎಂದು ಕೊರಗಬೇಕಿಲ್ಲ. ಸಂತೆ, ಮಂಡಿ, ಪಂಚಾಯಿತಿ, ಆರೋಗ್ಯ ಕೇಂದ್ರಗಳೇ ನಮಗೆ ಕೆಲಸ ವಹಿಸುವ ಸಂಸ್ಥೆಗಳು.

2. ತಾಲ್ಲೂಕಿಗೊಂದು ಪ್ರಶ್ನೆಪಟ್ಟಿ ಸಿದ್ಧಮಾಡಿ

'ಗ್ರಾಮೀಣಾಭಿವೃದ್ಧಿ: ಒಂದು ಅಧ್ಯಯನ' ಎಂಬಂಥ ಶೀರ್ಷಿಕೆಗಳನ್ನು ಬಿಡಿ. ಪ್ರತಿ ತಾಲ್ಲೂಕಿಗೂ ಅದರದೇ ಪ್ರಶ್ನೆಗಳಿವೆ.

ಚನ್ನಗಿರಿ: ಹಸಿ ಅಡಿಕೆಯನ್ನು ಖೇಣಿಗೆ ಕೊಟ್ಟ ರೈತನಿಗೂ, ಮನೆಯಲ್ಲೇ ಸುಲಿದು ಬೇಯಿಸಿ ಒಣಗಿಸಿ ಮಾರಿದ ರೈತನಿಗೂ ಕೊನೆಗೆ ಕೈಯಲ್ಲಿ ಎಷ್ಟುಳಿಯಿತು? ಇದು ಬಿ.ಕಾಂ. ವಿದ್ಯಾರ್ಥಿಯ ಕೆಲಸ. ರಸ್ತೆ ಬದಿಗೆ ಸುರಿಯುವ ಅಡಿಕೆ ಸಿಪ್ಪೆ ಎಷ್ಟು ದಿನದಲ್ಲಿ ಗೊಬ್ಬರವಾಗುತ್ತದೆ? ಇದು ಬಿ.ಎಸ್ಸಿ. ವಿದ್ಯಾರ್ಥಿಯ ಕೆಲಸ. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯ ನೀರಿನ ಗುಣಮಟ್ಟ, ಸಂತೇಬೆನ್ನೂರು ಪುಷ್ಕರಣಿಗೆ ಬರುವ ಪ್ರವಾಸಿಗರಿಗೆ ಬೇಕಾದ ಸೌಲಭ್ಯ ಇವೂ ಕಾದಿವೆ.

ಹೊನ್ನಾಳಿ: ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿದ ಮೇಲೆ ಹೊಳೆ ಈ ಊರನ್ನು ಹಾದುಹೋಗುತ್ತದೆ. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಬಾಲರಾಜ ಘಾಟ್‌ನಂಥ ತಗ್ಗು ಬಡಾವಣೆಗಳಲ್ಲಿ ಯಾವ ಮನೆಗೆ ಮೊದಲು ನೀರು ನುಗ್ಗುತ್ತದೆ? ಭೂಗೋಳ ವಿದ್ಯಾರ್ಥಿಗಳು ಮನೆಮನೆಯ ನಕ್ಷೆ ಮಾಡಿಕೊಟ್ಟರೆ ಪಟ್ಟಣದ ಆಡಳಿತಕ್ಕೆ ಅದು ಕೈಗೆ ಸಿಕ್ಕ ಸಾಧನ.

ನ್ಯಾಮತಿ: ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇಲ್ಲಿದೆ. ತಾಂಡಾಗಳ ಹಿರಿಯರಿಂದ ಹಾಡು, ಕಥೆ, ಹಬ್ಬದ ವಿಧಿಗಳನ್ನು ಅವರದೇ ನುಡಿಯಲ್ಲಿ ದಾಖಲಿಸುವುದು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಮೂರಕ್ಕೂ ಸಲ್ಲುವ ವಿಷಯ. ಪೋಷಕರು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳ ಶಾಲಾ ಹಾಜರಾತಿ ಏನಾಗುತ್ತದೆ ಎಂಬುದೂ ತುರ್ತಿನ ಪ್ರಶ್ನೆ.

ಜಗಳೂರು: ಬರವನ್ನು ಬಲ್ಲ ನೆಲ. ತುಂಗಭದ್ರೆಯ ನೀರನ್ನು ಇಲ್ಲಿಗೆ ತರುವ 57 ಕೆರೆಗಳ ಯೋಜನೆಯ ನಂತರ, ಕೆರೆಯ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರಿನ ಮಟ್ಟ ಏರಿದೆಯೇ? ಕೊಂಡುಕುರಿಗೆ ಹೆಸರಾದ ರಂಗಯ್ಯನದುರ್ಗ ವನ್ಯಧಾಮದ ಅಂಚಿನ ಹಳ್ಳಿಗಳಲ್ಲಿ ಕಾಡಿಗೂ ಕುರಿಗಾಹಿಗಳಿಗೂ ಇರುವ ನಂಟು ಹೇಗಿದೆ?

3. ಬೆಳೆಯ ಕಾಲ ನೋಡಿ ಸೆಮಿಸ್ಟರ್ ಯೋಜಿಸಿ

ಪ್ರಾಜೆಕ್ಟ್ ಬರುವುದು ಆರನೇ ಸೆಮಿಸ್ಟರ್‌ನಲ್ಲಿ. ಅಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದು, ಮೆಕ್ಕೆಜೋಳದ ರಾಶಿ ಮಾರಾಟವಾಗಿ, ಹೊಳೆಯ ಪ್ರವಾಹ ಇಳಿದು ತಿಂಗಳುಗಳಾಗಿರುತ್ತವೆ. ಆಗ ರೈತರ ನೆನಪನ್ನೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ವಿಷಯವನ್ನು ನಾಲ್ಕನೇ ಸೆಮಿಸ್ಟರ್ ಮುಗಿಯುವಾಗಲೇ ನಿಗದಿಮಾಡಿ. ಐದರಲ್ಲಿ ಕ್ಷೇತ್ರಕಾರ್ಯ, ಆರರಲ್ಲಿ ವಿಶ್ಲೇಷಣೆ ಮತ್ತು ಬರವಣಿಗೆ. ಸೇವಾಲಾಲ್ ಜಯಂತಿಗೆ ಜನ ಸೇರುವುದು ಫೆಬ್ರವರಿಯಲ್ಲಿ. ಅದನ್ನು ದಾಖಲಿಸುವ ತಂಡ ಜನವರಿಯಲ್ಲೇ ಸಜ್ಜಾಗಿರಬೇಕು.

4. ಪ್ರಶ್ನೆ ಚಿಕ್ಕದಿರಲಿ, ಅಳತೆಗೆ ಸಿಗಲಿ

ಇಡೀ ತಾಲ್ಲೂಕನ್ನು ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿ ಕೊನೆಗೆ ಅಂತರ್ಜಾಲದಿಂದ ಇಳಿಸಿಕೊಳ್ಳುತ್ತಾನೆ. ಒಂದು ಹಳ್ಳಿ, ಒಂದು ಕೆರೆ, ಒಂದು ಶಾಲೆ, ಮೂವತ್ತು ಮನೆ ಸಾಕು. ಏನನ್ನು ಎಣಿಸುತ್ತೇವೆ, ಏನನ್ನು ಅಳೆಯುತ್ತೇವೆ, ಯಾರನ್ನು ಕೇಳುತ್ತೇವೆ ಎಂಬುದು ಒಂದೇ ಪುಟದಲ್ಲಿ ಬರೆಯುವಂತಿರಲಿ. ಹತ್ತಿರದ ಹೊಲವನ್ನು ಗಮನವಿಟ್ಟು ನೋಡುವುದು ಸಣ್ಣ ಕೆಲಸವೆಂದು ಯಾರೂ ತಿಳಿಯಬೇಕಿಲ್ಲ. ಮೆಕ್ಕೆಜೋಳವನ್ನು ತಿಂದುಹಾಕುವ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆ ಎಂದು 2018ರಲ್ಲಿ ಮೊದಲು ವರದಿ ಮಾಡಿದವರು ಶಿವಮೊಗ್ಗದ ಕೃಷಿ ವಿಜ್ಞಾನಿಗಳು. ಅವರಿಗೆ ಅದು ಸಿಕ್ಕಿದ್ದು ತಮ್ಮ ಸುತ್ತಲಿನ ಹೊಲಗಳಲ್ಲೇ.

5. ಇಬ್ಬರು ಗೈಡ್ ಇರಲಿ

ಒಬ್ಬರು ಕಾಲೇಜಿನ ಅಧ್ಯಾಪಕರು, ಇನ್ನೊಬ್ಬರು ಕೆಲಸ ಬಲ್ಲವರು. ವಿಧಾನ, ಬರವಣಿಗೆಯ ಹೊಣೆ ಅಧ್ಯಾಪಕರದು. 'ಇದು ಇಲ್ಲಿ ನಡೆಯುತ್ತದೆಯೇ' ಎಂದು ಪರೀಕ್ಷಿಸುವ ಹೊಣೆ ಎರಡನೆಯವರದು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸಂಶೋಧನಾ ಕೇಂದ್ರಗಳಿಗೆ ಹೋಗಿ ಮಾತಾಡಿ. ಕೃಷಿ ಪದವಿ ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಯಲ್ಲೇ ತಂಗಿ, ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿ, ಹಿರಿಯರನ್ನು ಕೂರಿಸಿಕೊಂಡು ಸಮಸ್ಯೆಗಳನ್ನು ಪಟ್ಟಿಮಾಡುವುದನ್ನು ನೀವು ನೋಡಿರಬಹುದು. ಆ ಕ್ರಮವನ್ನು ಕಲೆ, ವಾಣಿಜ್ಯ ವಿದ್ಯಾರ್ಥಿಗಳಿಗೂ ಕಲಿಸಲು ಅಡ್ಡಿಯೇನಿಲ್ಲ.

6. ಊರಿನವರ ಮಾಹಿತಿಗೆ ಮರ್ಯಾದೆ ಕೊಡಿ

ಸಾಲ, ಕಾಯಿಲೆ, ಜಮೀನಿನ ತಕರಾರು ಇವನ್ನು ಜನ ನಂಬಿಕೆಯಿಂದ ಹೇಳಿಕೊಳ್ಳುತ್ತಾರೆ. ಯಾಕೆ ಕೇಳುತ್ತಿದ್ದೇವೆ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್‌ನ ಫೋಟೊ ಬೇಡವೇ ಬೇಡ. ವರದಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ. ಸೌಲಭ್ಯ ಕೊಡಿಸುತ್ತೇವೆಂಬ ಭರವಸೆಯನ್ನು ವಿದ್ಯಾರ್ಥಿಗಳು ಯಾರಿಗೂ ಕೊಡಬಾರದು. ಕೆಲಸದ ದಿನ ರೈತರ ಅರ್ಧ ದಿನ ಕೆಡಿಸಬೇಡಿ. ಸಂಜೆ ಹೋಗಿ ಜಗಲಿಯ ಮೇಲೆ ಕೂತು ಕೇಳಿ.

7. ಬಸ್ಸು, ಖರ್ಚು, ಸುರಕ್ಷತೆಯ ಲೆಕ್ಕ ಮೊದಲೇ ಮಾಡಿ

ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ವಿದ್ಯಾರ್ಥಿನಿಯರು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಹಳ್ಳಿಗೆ ಹೋಗಿಬರಬಹುದು. ಖಾಸಗಿ ಬಸ್ಸುಗಳೇ ಓಡುವ ದಾರಿಗಳಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ತಂಡಗಳನ್ನು ಮಾಡುವಾಗ ಹಾಜರಿ ಸಂಖ್ಯೆಯ ಬದಲು ಊರು ನೋಡಿ. ಒಂದೇ ದಾರಿಯ ಮೂರು ನಾಲ್ಕು ಮಂದಿ ಒಂದು ತಂಡವಾದರೆ ತಮ್ಮ ಸುತ್ತಲಿನ ಹಳ್ಳಿಯಲ್ಲೇ ಕೆಲಸ ಮಾಡಬಹುದು, ಕತ್ತಲಾಗುವ ಮುನ್ನ ಮನೆ ಸೇರಬಹುದು. ಕೂಲಿಗೆ ಹೋಗಿ ಓದುವ ವಿದ್ಯಾರ್ಥಿಗೆ ರಜಾದಿನದ ಕ್ಷೇತ್ರಕಾರ್ಯ ಎಂದರೆ ಒಂದು ದಿನದ ಕೂಲಿ ನಷ್ಟ. ವಾರದ ವೇಳಾಪಟ್ಟಿಯಲ್ಲೇ ಪ್ರಾಜೆಕ್ಟ್‌ಗೆ ಅರ್ಧ ದಿನ ಮೀಸಲಿಡಿ.

8. ಅಂಕ ಕೆಲಸಕ್ಕಿರಲಿ, ಪುಟಕ್ಕೆ ಬೇಡ

ಎಂಬತ್ತು ಪುಟ ಬೇಕೆಂದರೆ ಸೈಬರ್ ಸೆಂಟರ್‌ನ ಹಳೆಯ ಪ್ರಾಜೆಕ್ಟ್ ಹೊಸ ಹೆಸರಲ್ಲಿ ಬರುತ್ತದೆ. ಯುಜಿಸಿಯ 2018ರ ನಿಯಮ ಕೃತಿಚೌರ್ಯವನ್ನು ತಡೆಯಲೆಂದೇ ಇದೆ, ಆದರೆ ಅದಕ್ಕಿಂತ ಗಟ್ಟಿಯಾದ ಬೇಲಿ ಒಳ್ಳೆಯ ಪ್ರಶ್ನೆ. ಈ ವರ್ಷ ಈ ಹಳ್ಳಿಯ ಮೂವತ್ತು ಮನೆಗಳಲ್ಲಿ ಕೇಳಿದ ಉತ್ತರ ಎಲ್ಲಿಂದಲೂ ನಕಲಿಗೆ ಸಿಗುವುದಿಲ್ಲ. ಕ್ಷೇತ್ರದ ದಿನಚರಿ, ಸಂಗ್ರಹಿಸಿದ ಅಂಕಿಅಂಶ, ಊರಿನ ಗೈಡ್‌ನ ಅಭಿಪ್ರಾಯ, ವರದಿ, ವೈವಾ ಹೀಗೆ ಅಂಕ ಹಂಚಿ. ಇಪ್ಪತ್ತೈದು ಪುಟ ಸಾಕು. ಅಂದುಕೊಂಡ ಫಲಿತಾಂಶ ಬರಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದವರಿಗೆ ಅಂಕ ಕಡಿಮೆಯಾಗಬಾರದು.

9. ಉತ್ತರ ಕನ್ನಡದಲ್ಲಿ ಊರಿಗೆ ಮರಳಲಿ

ವರದಿ ಯಾವ ಭಾಷೆಯಲ್ಲೇ ಇರಲಿ, ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿ. ಅದನ್ನು ವಿದ್ಯಾರ್ಥಿಗಳೇ ಗ್ರಾಮಸಭೆಯಲ್ಲೋ ಸಂಘದ ಸಭೆಯಲ್ಲೋ ಓದಿ ಹೇಳಲಿ. ಒಂದು ಪ್ರತಿ ಪಂಚಾಯಿತಿ ಗ್ರಂಥಾಲಯದಲ್ಲಿರಲಿ. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಪದವಿ ಪ್ರಾಜೆಕ್ಟ್‌ಗಳಿಗೆ ಕಾಲೇಜಿನ ಗ್ರಂಥಾಲಯವೇ ಒಂದು ಭಂಡಾರ ಕಟ್ಟಬೇಕು. ಮುಂದಿನ ಬ್ಯಾಚ್ ಹಿಂದಿನವರು ಅಳೆದ ಅದೇ ಬೋರ್‌ವೆಲ್‌ಗಳನ್ನು ಮತ್ತೆ ಅಳೆಯಲಿ. ಹೀಗೆ ಐದು ಬ್ಯಾಚ್ ಮುಂದುವರಿದರೆ ತಾಲ್ಲೂಕಿನ ಕೈಯಲ್ಲಿ ಐದು ವರ್ಷದ ದಾಖಲೆ ಇರುತ್ತದೆ.

ಎಲ್ಲ ವಿಭಾಗಗಳೂ ಒಮ್ಮೆಗೇ ಶುರುಮಾಡಬೇಕಿಲ್ಲ. ಈ ವರ್ಷ ಒಂದು ವಿಭಾಗ, ನಾಲ್ಕು ತಂಡ, ನಾಲ್ಕು ಪ್ರಶ್ನೆ ಸಾಕು. ಪ್ರಾಂಶುಪಾಲರು ಸುತ್ತಲಿನ ಪಂಚಾಯಿತಿ, ಸಹಕಾರ ಸಂಘ, ಶಾಲೆಗಳಿಗೆ ಒಂದು ಪತ್ರ ಬರೆದು, 'ನಮ್ಮ ವಿದ್ಯಾರ್ಥಿಗಳಿಂದ ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು' ಎಂದು ಕೇಳಲಿ. ತಮ್ಮ ಊರಿಗೆ ತಾವು ಕಲಿತದ್ದು ಬೇಕಾಗಿದೆ ಎಂಬುದು ನಮ್ಮ ಮಕ್ಕಳಿಗೆ ಪದವಿ ಮುಗಿಸುವ ಮೊದಲೇ ತಿಳಿಯಬೇಕು. ಆ ಆತ್ಮವಿಶ್ವಾಸ ಅವರಿಗೆ ಕೆಲಸದ ಸಂದರ್ಶನದಲ್ಲೂ ನೆರವಾಗುತ್ತದೆ, ಊರಿನಲ್ಲೇ ಉಳಿದು ದುಡಿಯುವವರಿಗೂ ಬಲ ಕೊಡುತ್ತದೆ.