ಅಜ್ಜಿಯ ನಂಬಿಕೆ, ಬೂದಿಯೊಳಗಿನ ಕೆಂಡ

ಯೌವನಸ್ಥರ ಕೂಟ, ಅತ್ತಿಬೆಲೆ
ವಾಕ್ಯಭಾಗ: 2 ತಿಮೊಥೆಯ 1:3-7. ಜೊತೆಗೆ ಓದಿಕೊಳ್ಳಿ: ಅಪೊಸ್ತಲರ ಕೃತ್ಯಗಳು 16:1-3, 2 ತಿಮೊಥೆಯ 3:14-15

ಎಲ್ಲರೂ ವಾಕ್ಯ ತೆಗೆದ್ರಾ? ನೈಟ್ ಶಿಫ್ಟ್ ಮುಗಿಸಿ ಹಾಗೇ ಬಂದಿರೋರು ಹಿಂದೆ ಕೂತು ಗೋಡೆಗೆ ಒರಗಿಕೊಳ್ಳಿ, ಪರವಾಗಿಲ್ಲ.

ಇಡೀ ಹೊಸ ಒಡಂಬಡಿಕೆಯಲ್ಲಿ "ಅಜ್ಜಿ" ಅನ್ನೋ ಪದ ಬರೋದು ಒಂದೇ ಒಂದು ಸಲ. ಅದು ಇಲ್ಲೇ, 2 ತಿಮೊಥೆಯ 1:5ರಲ್ಲಿ. ಗ್ರೀಕ್ ಭಾಷೆಯಲ್ಲಿ ಆ ಪದ "ಮಮ್ಮೆ". ಮೊದಲು ಅದು ಮಕ್ಕಳು ತಾಯಿಯನ್ನು ಕರೆಯುತ್ತಿದ್ದ ತೊದಲು ಮಾತು, ಆಮೇಲೆ ಅಜ್ಜಿಗೆ ಬಂತು. ಅಂಥಾ ಮನೆಮಾತನ್ನು ಪೌಲ ಬರೀತಿರೋದು ಎಲ್ಲಿಂದ? ಸೆರೆಯಿಂದ. ಕೈಗೆ ಬೇಡಿ ಇದೆ. ತಾನು ಹೊರಡುವ ಸಮಯ ಬಂತು ಅಂತ ನಾಲ್ಕನೇ ಅಧ್ಯಾಯದಲ್ಲಿ ಅವನೇ ಹೇಳ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಒಬ್ಬ ಹುಡುಗನ ಅಜ್ಜಿ ನೆನಪಾಗ್ತಾಳೆ. ಹೆಸರು ಸಮೇತ: ಲೋವಿ.

3ನೇ ವಚನದಿಂದ 6ರವರೆಗೆ ಬೆರಳಿಟ್ಟು ನೋಡಿ. ಪ್ರಾರ್ಥನೆಯಲ್ಲಿ ನಿನ್ನ ನೆನಪು ಮಾಡ್ತೀನಿ ಅಂತಾನೆ. ನಿನ್ನ ಕಣ್ಣೀರು ನೆನಪಿದೆ ಅಂತಾನೆ. ನಿನ್ನ ನಂಬಿಕೆ ನೆನಪಿಗೆ ಬಂತು ಅಂತಾನೆ. ಕೊನೆಗೆ, ನಿನಗೂ ಒಂದು ವಿಷಯ ನೆನಪು ಮಾಡ್ತೀನಿ ಅಂತಾನೆ. ನಾಲ್ಕು ವಚನ, ನಾಲ್ಕು ನೆನಪು. ಅಜ್ಜಿ ಬರೋದು ಮೂರನೆಯ ನೆನಪಿನಲ್ಲಿ. ನಾಲ್ಕನೆಯದರಲ್ಲಿ ಏನಿದೆ ಅನ್ನೋದೇ ಇವತ್ತಿನ ಪಾಠ. ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಮನೆ ಹೇಗಿತ್ತು ನೋಡೋಣ. ಊರು ಲುಸ್ತ್ರ, ಈಗಿನ ತುರ್ಕಿ ದೇಶದಲ್ಲಿದೆ. ಪೌಲನಿಗೆ ಕಲ್ಲು ಹೊಡೆದು, ಸತ್ತ ಅಂತ ಊರ ಹೊರಗೆ ಎಳೆದು ಹಾಕಿದ ಊರು ಅದೇ. ಅಲ್ಲಿ ಸಭಾಮಂದಿರ ಇತ್ತು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಎಲ್ಲೂ ಬರೆದಿಲ್ಲ. ತಿಮೊಥೆಯನ ತಾಯಿ ಯೂನಿಕೆ ಯೆಹೂದ್ಯಳು, ತಂದೆ ಗ್ರೀಕನು. ಹುಡುಗನಿಗೆ ಸುನ್ನತಿ ಆಗಿರಲಿಲ್ಲ. ಆ ವಿಷಯದಲ್ಲಿ ಮನೆಯಲ್ಲಿ ತಂದೆಯ ಮಾತೇ ನಡೆದಿರಬೇಕು ಅಂತ ನನಗನ್ನಿಸುತ್ತೆ. ಅಂದ್ರೆ ಅದು ಎಲ್ಲರೂ ಸಾಲಾಗಿ ಕೂತು ಕುಟುಂಬ ಪ್ರಾರ್ಥನೆ ಮಾಡುವ ಕ್ಯಾಲೆಂಡರ್ ಚಿತ್ರದ ಮನೆಯಲ್ಲ. ಒಡೆದ ಮನೆ. ಆದರೂ ಆ ಮನೆಯ ಮಗು ಹಾಲು ಕುಡಿಯೋ ವಯಸ್ಸಿನಿಂದ ಪರಿಶುದ್ಧ ಗ್ರಂಥಗಳನ್ನು ತಿಳಿದಿತ್ತು ಅಂತ ಪೌಲ 3:15ರಲ್ಲಿ ಸಾಕ್ಷಿ ಕೊಡ್ತಾನೆ. ಗ್ರಂಥ ಅಂದ್ರೆ ಆ ಕಾಲದಲ್ಲಿ ಕೈಯಲ್ಲಿ ಬರೆದ ಸುರುಳಿ. ಬಹಳ ದುಬಾರಿ, ಮನೆಮನೆಗೂ ಇರೋ ವಸ್ತುವಲ್ಲ. ಹಾಗಾದರೆ ಮಗುವಿನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಆ ಹೆಂಗಸರ ಬಾಯಿಪಾಠದಿಂದಲೇ ಇರಬೇಕು.

ನಮ್ಮಲ್ಲೂ ಹಾಗೇ ಅಲ್ವಾ? ಕನ್ನಡದಲ್ಲಿ ಪೂರ್ತಿ ಬೈಬಲ್ ಬಳ್ಳಾರಿಯ ಮಿಷನರಿಗಳ ಕೈಯಿಂದ ಅಚ್ಚಾಗಿ ಬಂದದ್ದು 1831ರಲ್ಲಿ. ಪುಸ್ತಕ ಬಂತು, ಆದರೆ ಓದೋಕೆ ಬರೋ ಹೆಂಗಸರು ಎಷ್ಟು ಜನ ಇದ್ರು? ನಮ್ಮ ಅಜ್ಜಿಗೆ ಕೊನೆವರೆಗೂ ಅಕ್ಷರ ಬರಲಿಲ್ಲ. ಸಂಜೆ ಮೊಮ್ಮಕ್ಕಳ ಕೈಗೆ ಬೈಬಲ್ ಕೊಟ್ಟು ಓದಿ ಅನ್ನೋರು. ಆಟಕ್ಕೆ ಓಡೋ ಆತುರದಲ್ಲಿ ನಾವು ನಡುವೆ ಎರಡು ವಚನ ಹಾರಿಸಿದರೆ, ಅವರೆಕಾಯಿ ಸುಲೀತಾ ಕೂತವರು ತಲೆ ಎತ್ತದೆ, "ಏನೋ, ಅಲ್ಲೊಂದು ಮಾತು ಬಿಟ್ಟೆಯಲ್ಲೋ" ಅನ್ನೋರು. ಪುಸ್ತಕ ನಮ್ಮ ಕೈಲಿ, ವಾಕ್ಯ ಅವರ ಹತ್ತಿರ. ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕೋರು, ಅದು ಸಭೆಗೆ. ತಾತ ಆರಾಧನೆಗೆ ಬರ್ತಿರಲಿಲ್ಲ. ಭಾನುವಾರ ಅವರ ಊಟ ಮಾಡಿಟ್ಟು, ಮುಚ್ಚಿಟ್ಟು, ಹೇಳಿಯೇ ಹೋಗೋರು. ಜಗಳ ಮಾಡಿದ್ದು ನಾನು ನೋಡಿಲ್ಲ. ಒಂದು ಭಾನುವಾರ ತಪ್ಪಿಸಿದ್ದೂ ನೋಡಿಲ್ಲ.

ಪೌಲ ಲೋವಿಯ ನಂಬಿಕೆಗೆ ಬಳಸುವ ಪದ "ಅನುಪೊಕ್ರಿತೊಸ್", ನಿಷ್ಕಪಟ. ನಾಟಕದಲ್ಲಿ ವೇಷ ಹಾಕೋನಿಗೆ ಗ್ರೀಕ್‌ನಲ್ಲಿ ಹೇಳುವ ಮಾತಿಗೆ "ಅಲ್ಲ" ಅಂತ ಸೇರಿಸಿದರೆ ಈ ಪದ. ವೇಷ ಇಲ್ಲದ ನಂಬಿಕೆ. ಸ್ಟೇಜ್ ಮೇಲೆ ನಮ್ಮನ್ನು ನೋಡೋರಿಗೆ ಮೋಸ ಮಾಡಬಹುದು, ಒಂದೇ ಸೂರಿನ ಕೆಳಗೆ ಇರೋ ಮಕ್ಕಳಿಗೆ ಆಗಲ್ಲ. ಅಜ್ಜಿ ಗ್ಯಾಸ್ ಮುಗಿದ ದಿನ ಏನು ಮಾತಾಡಿದಳು, ಸೊಸೆ ಜೊತೆ ಹೇಗಿದ್ದಳು, ಎಲ್ಲಾ ಅವಕ್ಕೆ ಗೊತ್ತು. ಇನ್ನೊಂದು ಪದ, ಆ ನಂಬಿಕೆ ಆಕೆಯಲ್ಲಿ "ವಾಸವಾಗಿತ್ತು". ಪೀಜಿಯಲ್ಲಿ ಆರು ತಿಂಗಳು ಇದ್ದು ಖಾಲಿ ಮಾಡೋ ಹಾಗಲ್ಲ, ಸ್ವಂತ ಮನೆಯಲ್ಲಿ ಇದ್ದ ಹಾಗೆ.

ಆದರೆ ಪ್ರಿಯರೇ, ಇಲ್ಲಿ ಎಚ್ಚರಿಕೆ ಬೇಕು. "ನಾವು ಮೂರು ತಲೆಮಾರಿನ ಕ್ರೈಸ್ತರು" ಅಂತ ಹೇಳಿಕೊಳ್ಳೋರು ನಮ್ಮಲ್ಲಿ ಇದ್ದಾರೆ. ಒಳ್ಳೇದು, ದೇವರಿಗೆ ಸ್ತೋತ್ರ. ಹಿಜ್ಕೀಯನೂ ಒಳ್ಳೆಯ ಅರಸನೇ, ಅವನ ಮಗ ಮನಸ್ಸೆ ಏನು ಮಾಡಿದ ಅಂತ ಓದಿ. ಬೈಬಲಿನಲ್ಲಿ ಅಜ್ಜಿಯರೆಲ್ಲಾ ಲೋವಿಯರೇ ಅಂದುಕೊಳ್ಳಲೂ ಬೇಡಿ. ಅತಲ್ಯಳೂ ಒಬ್ಬ ಅಜ್ಜಿಯೇ, ಸಿಂಹಾಸನಕ್ಕೋಸ್ಕರ ರಾಜವಂಶದ ಮಕ್ಕಳನ್ನೇ ಕೊಲ್ಲಿಸಿದವಳು. ರಕ್ತದಲ್ಲಿ ಮೂಗು ಬರುತ್ತೆ, ಸಕ್ಕರೆ ಕಾಯಿಲೆ ಬರುತ್ತೆ. ನಂಬಿಕೆ ಬರಲ್ಲ. ಪೌಲ ಏನು ಹೇಳ್ತಾನೆ? ಅದು ಮೊದಲು ಅಜ್ಜಿಯಲ್ಲಿತ್ತು, ತಾಯಿಯಲ್ಲಿತ್ತು, "ನಿನ್ನಲ್ಲೂ ಇದೆ ಅಂತ ನನಗೆ ನಿಶ್ಚಯ ಉಂಟು" ಅನ್ನೋ ಅರ್ಥದಲ್ಲಿ ಹೇಳ್ತಾನೆ. ಆ ಮೂರನೆಯ ಮಾತನ್ನು ಅವನು ಬೇರೆಯಾಗಿಯೇ ಹೇಳಬೇಕಾಯ್ತು.

ಬೊಮ್ಮಸಂದ್ರದಲ್ಲಿ ಕೆಲಸ ಮಾಡೋ ಒಬ್ಬ ತಮ್ಮ, ಅಜ್ಜಿಯ ಮಣ್ಣು ಮುಗಿಸಿ ಊರಿಂದ ಬಂದವನು ನನ್ನ ಹತ್ತಿರ ಕೇಳಿದ. "ಪಾಸ್ಟರ್, ಅಜ್ಜಿ ಇರೋವರೆಗೂ ನನಗೋಸ್ಕರ ಮೊಣಕಾಲೂರೋರು ಒಬ್ಬರಿದ್ದಾರೆ ಅಂತ ಧೈರ್ಯ ಇತ್ತು. ನಾನು ಪ್ರಾರ್ಥನೆ ಮಾಡದೇ ಇದ್ರೂ ಅವರು ಮಾಡೋರು. ಇನ್ನು ಯಾರು ಮಾಡ್ತಾರೆ?" ಇದು ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಎಷ್ಟೋ ಜನ ಅಜ್ಜಿಯ ಪ್ರಾರ್ಥನೆಯ ಮೇಲೆ ಬದುಕ್ತಿದ್ದೀವಿ, ಅಪ್ಪನ ಪಿಂಚಣಿ ಮೇಲೆ ಬದುಕೋ ದೊಡ್ಡ ಮಗನ ಹಾಗೆ. ಅವನಿಗೆ ನಾನು ಇಬ್ರಿಯ 7:25 ತೋರಿಸಿದೆ. ನಮಗೋಸ್ಕರ ವಿಜ್ಞಾಪನೆ ಮಾಡೋದಕ್ಕೆ ಯೇಸು ಯಾವಾಗಲೂ ಬದುಕಿದ್ದಾನೆ. ಆಮೇಲೆ ರೋಮಾ 8:26 ತೋರಿಸಿದೆ. ಮಾತು ಬರದಾಗ ಪವಿತ್ರಾತ್ಮನೇ ನಮ್ಮೊಳಗೆ ನರಳಿ ಬೇಡಿಕೊಳ್ತಾನೆ. ಅಜ್ಜಿ ಸತ್ತ ದಿನ ಪ್ರಾರ್ಥನೆ ನಿಂತಿಲ್ಲ.

ಆಮೇಲೆ ಅವನಿಗೆ ತೋರಿಸಿದ್ದು ಈ 6ನೇ ವಚನ, ನಾಲ್ಕನೆಯ ನೆನಪು. ಅದು ಶುರುವಾಗೋದೇ "ಈ ಕಾರಣದಿಂದ" ಅನ್ನೋ ಅರ್ಥದ ಮಾತಿನಿಂದ. ಯಾವ ಕಾರಣ? ಅಜ್ಜಿಯಲ್ಲಿದ್ದ ನಂಬಿಕೆ ನಿನ್ನಲ್ಲೂ ಇರೋ ಕಾರಣದಿಂದ, ನಿನ್ನಲ್ಲಿರೋ ದೇವರ ವರವನ್ನು ಮತ್ತೆ ಉರಿಸು. ಗ್ರೀಕ್ ಪದದಲ್ಲಿ ಬೆಂಕಿ ಇದೆ, ಆರಿದ ಬೆಂಕಿ ಅಲ್ಲ, ಮಂಕಾದ ಬೆಂಕಿ. ಸೌದೆ ಒಲೆ ನೋಡಿದವರಿಗೆ ಗೊತ್ತು. ರಾತ್ರಿ ಅಡಿಗೆ ಆದಮೇಲೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡ್ತಾರೆ. ಬೆಳಿಗ್ಗೆ ಬೂದಿ ಸರಿಸಿ, ಊದುಗೊಳವೆಯಲ್ಲಿ ಊದಿದರೆ ಕೆಂಪಗಾಗುತ್ತೆ. ನಿನ್ನೆಯ ಕೆಂಡ, ಇವತ್ತಿನ ಉಸಿರು. ಕೆಂಡ ಇದೆ ಅಂತ ಹೇಳಿಕೊಂಡು ಕೂತರೆ ಮುದ್ದೆ ಬೇಯಲ್ಲ. ಹಲ್ಲೆಲೂಯಾ! ತಿಮೊಥೆಯ ಅಳುಕಿನ ಹುಡುಗ, ಅದಕ್ಕೇ 7ನೇ ವಚನದಲ್ಲಿ ಹೇಡಿತನದ ಮಾತು ಬರೋದು.

"ನನಗೆ ಅಂಥಾ ಅಜ್ಜಿ ಇಲ್ಲ, ಮನೆಯಲ್ಲಿ ನಾನೇ ಮೊದಲನೆಯವಳು" ಅನ್ನೋ ತಂಗಿಯರೂ ಇಲ್ಲಿದ್ದೀರಿ. ನಿಮಗೆ ನಮ್ಮ ನಾಡಿನ ಮಗಳು ಪಂಡಿತಾ ರಮಾಬಾಯಿ ಗೊತ್ತಿರಬೇಕು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಸಂಸ್ಕೃತ ಕಲಿಸಿದ್ರು, ಹೆಣ್ಣಿಗೆ ಅದನ್ನು ಕಲಿಸಬಾರದು ಅನ್ನೋ ಕಾಲದಲ್ಲಿ. ತಂದೆ ತಾಯಿ ಇಬ್ಬರೂ ಬರಗಾಲದಲ್ಲಿ ತೀರಿಕೊಂಡ್ರು. ಯೇಸುವಿನ ವಿಷಯ ಹೇಳಿಕೊಡೋ ಅಜ್ಜಿ ಅವರಿಗಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯ್ತು. ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್, ಬರಗಾಲದ ನೂರಾರು ಹೆಣ್ಣುಮಕ್ಕಳು, ವಿಧವೆಯರು. 1905ರಲ್ಲಿ ಅಲ್ಲಿ ಪವಿತ್ರಾತ್ಮನ ಉಜ್ಜೀವನ ಬಂದಾಗ ಅಮೆರಿಕದ ಅಜುಸಾ ಸ್ಟ್ರೀಟ್ ಕೂಟಗಳು ಇನ್ನೂ ಶುರುವಾಗಿರಲಿಲ್ಲ, ಇದನ್ನು ಪೆಂತೆಕೊಸ್ತಿನವರಾದ ನಾವೇ ಮರೆತುಬಿಡ್ತೀವಿ. ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡ್ರು, ಮರುವರ್ಷ ತಾಯಿ. ರಮಾಬಾಯಿಗೆ ಮೊಮ್ಮಕ್ಕಳಿಲ್ಲ. ಆದರೆ ಅವರು ಮೂಲಭಾಷೆಗಳಿಂದ ಮಾಡಿದ ಮರಾಠಿ ಬೈಬಲ್ ಎಷ್ಟು ಮನೆಗೆ ಹೋಯ್ತೋ, ಲೆಕ್ಕ ಕರ್ತನಿಗೆ ಗೊತ್ತು.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತೆ, ಅಜ್ಜಿಯ ಫೋಟೋ ಇಡಬಹುದಾ, ಹಾರ ಹಾಕಬಹುದಾ. ಫೋಟೋ ಇಡಿ. ಅದರ ಮುಂದೆ ದೀಪ ಹಚ್ಚಿ ಬೇಡಿಕೊಳ್ಳೋದು ಬೇಡ, ಸತ್ತವರನ್ನು ಕೇಳೋದನ್ನು ಧರ್ಮೋಪದೇಶಕಾಂಡ 18 ನಿಷೇಧಿಸುತ್ತೆ. ಆದರೆ ಊರಲ್ಲಿ ದೊಡ್ಡಪ್ಪ ಹಾರ ಹಾಕಿಬಿಟ್ಟಿದ್ರೆ, ಸಾವಿನ ಮನೆಯಲ್ಲಿ ಅದನ್ನು ಕಿತ್ತು ಸಾಕ್ಷಿ ಹಾಳು ಮಾಡ್ಕೋಬೇಡಿ. ಇಬ್ರಿಯ 13:7 ಹೇಳೋದು ನೆನಪು ಮಾಡಿ, ನಂಬಿಕೆಯನ್ನು ಅನುಸರಿಸಿ ಅಂತ. ಹಾರಕ್ಕಿಂತ ಅದು ಕಷ್ಟ.

ಈ ವಾರದ ಕೆಲಸ. ಅಜ್ಜಿ ಇರೋರು ಊರಿಗೆ ಫೋನ್ ಮಾಡಿ. "ಊಟ ಆಯ್ತಾ" ಅಂತ ಕೇಳಿ ಇಡಬೇಡಿ. "ಅಜ್ಜಿ, ನೀನು ಯೇಸುವನ್ನ ನಂಬಿದ್ದು ಹೇಗೆ?" ಅಂತ ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೂ ಸರಿ, ಈ ಗಡಿ ಊರಲ್ಲಿ ಅರ್ಥ ಮಾಡ್ಕೊಳ್ಳೋರು ಸಿಗ್ತಾರೆ. ಅಜ್ಜಿ ತೀರಿಕೊಂಡಿದ್ರೆ ಅಮ್ಮನನ್ನೋ ಚಿಕ್ಕಮ್ಮನನ್ನೋ ಕೇಳಿ. ಮುಂದಿನ ಶನಿವಾರ ಮೂರು ಜನರ ಸಾಕ್ಷಿ ಕೇಳೋಣ.

ಈಗ ಎದ್ದು ನಿಲ್ಲಿ. ಕೀಬೋರ್ಡ್ ಸ್ವಲ್ಪ ಮೆತ್ತಗೆ. ಯಾರಿಗೋಸ್ಕರ ಅಜ್ಜಿ ದಿನಾ ಹೆಸರಿಡಿದು ಪ್ರಾರ್ಥನೆ ಮಾಡ್ತಿದ್ರೋ, ಮನೆಯಲ್ಲಿ ಇನ್ನೂ ಬರದ ತಾತ, ಕುಡಿಯೋ ಮಾವ, ಸಭೆ ಬಿಟ್ಟ ಅಣ್ಣ, ಆ ಹೆಸರುಗಳನ್ನು ಇವತ್ತು ನೀವು ಹೇಳಿ. ಜೋರಾಗಿ ಹೇಳಿ, ಎಲ್ಲರೂ ಒಟ್ಟಿಗೆ. ತಂದೆಯೇ, ಯೇಸುವಿನ ನಾಮದಲ್ಲಿ...