ಎಡಿಟರ್ ಪ್ಲಗ್-ಇನ್: ಬಿಲ್ಡ್ ಟೂಲ್ ಆರಿಸುವ ಮುನ್ನ

ಪುಣೆಯ ಹಿಂಜವಡಿ, ಖರಾಡಿಗಳಲ್ಲಿ ಕೆಲಸಕ್ಕಿರುವ ಬೆಳಗಾವಿ, ವಿಜಯಪುರ ಕಡೆಯ ಹುಡುಗ ಹುಡುಗಿಯರಿಗೆ ಸ್ವಂತ ಪ್ಲಗ್-ಇನ್ ಬರೆಯುವ ಹುಮ್ಮಸ್ಸೇನೋ ಇದೆ. ಆದರೆ ವೆಬ್‌ಪ್ಯಾಕೋ ಇಎಸ್‌ಬಿಲ್ಡೋ ಎಂಬ ಚರ್ಚೆಯಲ್ಲೇ ಉತ್ಸಾಹ ಇಳಿದುಹೋಗುತ್ತದೆ.

ಮೊದಲು ಎಡಿಟರ್ ಗೊತ್ತುಮಾಡಿಕೊಳ್ಳಿ. ಜೆಟ್‌ಬ್ರೇನ್ಸ್ ಆದರೆ ಗ್ರೇಡಲ್, ಎಕ್ಲಿಪ್ಸ್ ಆದರೆ ಮೇವನ್ ಜೊತೆ ಟೈಕೋ. ಅಲ್ಲಿ ಹೊಸಬರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೊಂದಲ ಇರುವುದು ವಿಎಸ್ ಕೋಡ್‌ನಲ್ಲಿ.

ನುಡಿ ತಂತ್ರಾಂಶದ ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪ್ಲಗ್-ಇನ್ ಮಾಡುತ್ತೀರಿ ಎನ್ನಿ. ಟರ್ಮಿನಲ್‌ನಲ್ಲಿ ಸಿದ್ಧ ಮಾದರಿ ಮಾಡಿಕೊಡುವ ‘ಯೋ ಕೋಡ್’ ಓಡಿಸಿ, ಟೈಪ್‌ಸ್ಕ್ರಿಪ್ಟ್ ಆರಿಸಿ. ಮುಂದೆ ಯಾವ ಬಂಡ್ಲರ್ ಎಂದು ಕೇಳುತ್ತದೆ. ಹೊರಗಿನ ಲೈಬ್ರರಿ ಬೇಡವೆಂದರೆ ಬಂಡ್ಲರೇ ಬೇಡ. ಬೇಕೆಂದರೆ ಇಎಸ್‌ಬಿಲ್ಡ್. ಆಫೀಸಿನ ಹಳೆಯ ಪ್ರಾಜೆಕ್ಟ್‌ನಲ್ಲಿ ಇಲ್ಲದಿದ್ದರೆ ವೆಬ್‌ಪ್ಯಾಕ್ ಗೋಜಿಗೆ ಹೋಗಬೇಡಿ; ಅದರ ಕಾನ್ಫಿಗ್ ಕಲಿಯುವುದೇ ಬೇರೊಂದು ಕೆಲಸ.

ಎಡವುವುದು ಇಲ್ಲಿ. ಇಎಸ್‌ಬಿಲ್ಡ್ ಫೈಲಿನಲ್ಲಿ, ಬಂಡಲ್‌ಗೆ ಸೇರಿಸದೆ ಹೊರಗೆ ಬಿಡುವವುಗಳ ‘ಎಕ್ಸ್‌ಟರ್ನಲ್’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ‘ವಿಎಸ್‌ಕೋಡ್’ ಇರಲೇಬೇಕು, ಏಕೆಂದರೆ ಅದನ್ನು ಎಡಿಟರೇ ಒದಗಿಸುತ್ತದೆ. ಬೇರೆ ಲೈಬ್ರರಿ ತಕರಾರು ಮಾಡಿದಾಗ ಅದನ್ನೂ ಈ ಪಟ್ಟಿಗೆ ತಳ್ಳಿ ಕೈತೊಳೆದುಕೊಳ್ಳುವವರಿದ್ದಾರೆ. ಪರೀಕ್ಷೆಗೆಂದು ಎಫ್5 ಒತ್ತಿದರೆ ಎಲ್ಲ ಸರಿಯಾಗಿಯೇ ನಡೆಯುತ್ತದೆ, ಏಕೆಂದರೆ ನಿಮ್ಮ ಫೋಲ್ಡರಿನಲ್ಲಿ ನೋಡ್ ಮಾಡ್ಯೂಲ್ಸ್ ಕುಳಿತಿದೆ. ಪ್ಯಾಕೇಜ್ ಮಾಡುವಾಗ ಮಾತ್ರ ಇಗ್ನೋರ್ ಫೈಲ್ ಅದನ್ನು ಹೊರಗಿಡುತ್ತದೆ. ಲೈಬ್ರರಿ ಸಿಗದೆ ಪ್ಲಗ್-ಇನ್ ಶುರುವೇ ಆಗದು; ಅದನ್ನು ಹಾಕಿಕೊಂಡ ಗೆಳೆಯನಿಗೆ ಕಾಣುವುದು ‘ಕಮಾಂಡ್ ನಾಟ್ ಫೌಂಡ್’. ನೀವು ಕಮಾಂಡಿನ ಹೆಸರು ತಿದ್ದುತ್ತ ಕೂರುತ್ತೀರಿ, ತಪ್ಪು ಅಲ್ಲಿಲ್ಲ. ಆ ಪಟ್ಟಿಯಲ್ಲಿ ವಿಎಸ್‌ಕೋಡ್ ಒಂದನ್ನೇ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಆಗಲೂ ಬಿಲ್ಡ್ ಆಗದ ಲೈಬ್ರರಿಯಾದರೆ, ಹೊಸಬರು ಬೇರೆ ಲೈಬ್ರರಿ ಹುಡುಕುವುದೇ ಲೇಸು.

ಎಫ್5 ನಂಬಿ ಕೂರಬೇಡಿ. ಟರ್ಮಿನಲ್‌ನಲ್ಲಿ ‘ವಿಎಸ್‌ಸಿಇ ಪ್ಯಾಕೇಜ್’ ಕಮಾಂಡ್ ಕೊಟ್ಟು ವಿಎಸ್‌ಐಎಕ್ಸ್ ಫೈಲ್ ಮಾಡಿ, ಎಕ್ಸ್‌ಟೆನ್ಶನ್ಸ್ ಪಟ್ಟಿಯ ಮೂರು ಚುಕ್ಕಿಯ ಮೆನುವಿನಿಂದ ನಿಮ್ಮದೇ ಎಡಿಟರಿಗೆ ಹಾಕಿ ನೋಡಿ.

ಇನ್ನೊಂದು ಮಾತು: ಇಎಸ್‌ಬಿಲ್ಡ್ ಟೈಪ್ ತಪ್ಪುಗಳನ್ನು ಹಿಡಿಯುವುದಿಲ್ಲ. ಸಿದ್ಧ ಮಾದರಿಯಲ್ಲಿರುವ ‘ಚೆಕ್-ಟೈಪ್ಸ್’ ಸ್ಕ್ರಿಪ್ಟನ್ನು ಅಳಿಸಬೇಡಿ. ವಿಎಸ್ ಕೋಡ್‌ನ ಬ್ರೌಸರ್ ಆವೃತ್ತಿಗೂ ಬರೆಯುವುದಾದರೆ ಬಂಡಲ್ ಮಾಡುವುದು ಕಡ್ಡಾಯ. ರೀಡ್‌ಮಿ ಫೈಲನ್ನೂ ತಿದ್ದಿ. ಮಾದರಿಯ ಪಠ್ಯ ಹಾಗೇ ಇದ್ದರೆ ವಿಎಸ್‌ಸಿಇ ಪ್ಯಾಕೇಜ್ ಮಾಡಿಕೊಡುವುದಿಲ್ಲ.